ಹೊಲಿಗೆ ಬಿಚ್ಚಿದ ಮೇಲಿನ ಲೆಕ್ಕ

ಶಸ್ತ್ರಚಿಕಿತ್ಸೆ ಫಲಿಸಿತೋ ಇಲ್ಲವೋ ಎಂದು ಹೇಳಲು ವೈದ್ಯಕೀಯ ಸಂಶೋಧನೆ ಇಟ್ಟುಕೊಂಡಿರುವ ಗಡುವು ಸಾಮಾನ್ಯವಾಗಿ 30 ದಿನ. ಆಪರೇಷನ್ ಆದ ದಿನದಿಂದ ಎಣಿಸಿ ಮೂವತ್ತನೆಯ ದಿನದೊಳಗೆ ರೋಗಿ ಬದುಕಿ ಉಳಿದರೇ, ಗಾಯ ಕೂಡಿತೇ, ಕೀವು ಕಟ್ಟಿತೇ, ರಕ್ತ ಸೋರಿತೇ, ಹೃದಯ, ಶ್ವಾಸಕೋಶ, ಮೂತ್ರಪಿಂಡಗಳಲ್ಲಿ ಯಾವುದಾದರೂ ಕೈಕೊಟ್ಟಿತೇ, ಮತ್ತೆ ಆಸ್ಪತ್ರೆಗೆ ಸೇರಬೇಕಾಯಿತೇ ಎಂಬ ಪ್ರಶ್ನೆಗಳಿಗೆ ಸಿಕ್ಕ ಉತ್ತರವೇ ಫಲಿತಾಂಶ. ಈ ಮೂವತ್ತರಲ್ಲಿ ರೋಗಿ ಆಸ್ಪತ್ರೆಯ ಹಾಸಿಗೆಯಲ್ಲಿರುವುದು ಬಹಳವೆಂದರೆ ವಾರ, ಹತ್ತು ದಿನ. ಉಳಿದದ್ದು ಮನೆಯಲ್ಲಿ. ಮೂಡಿಗೆರೆ ತಾಲ್ಲೂಕಿನಲ್ಲಿ ಹೇಮಾವತಿ ಹುಟ್ಟುವ ಜಾವಳಿಯಂಥ ಊರಿನವರಿಗೆ ಆ ಮನೆಗೂ ಆಪರೇಷನ್ ಮಾಡಿದ ಆಸ್ಪತ್ರೆಗೂ ನಡುವೆ ಅನೇಕ ಸಲ ಒಂದು ಇಡೀ ಘಟ್ಟ ನಿಂತಿರುತ್ತದೆ. ಲೆಕ್ಕ ತಪ್ಪುವುದೂ ಹೆಚ್ಚಾಗಿ ಅಲ್ಲಿಯೇ.

ಲೆಕ್ಕ ಇಡಬೇಕು ಎಂದು ಹಟ ಹಿಡಿದ ಮೊದಲಿಗರಲ್ಲಿ ಅಮೆರಿಕದ ಬಾಸ್ಟನ್ನಿನ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್ಮನ್ ಒಬ್ಬ. ರೋಗಿ ಮನೆಗೆ ಹೋದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ, ವರ್ಷ ಕಳೆದ ಮೇಲೂ ಹೇಗಿದ್ದಾನೆಂದು ಆಸ್ಪತ್ರೆ ವಿಚಾರಿಸಬೇಕು, ತಪ್ಪಾಗಿದ್ದರೆ ಯಾರ ತಪ್ಪೆಂದು ಬರೆದಿಡಬೇಕು ಎನ್ನುವುದು ಅವನ ವಾದ. ಸಹೋದ್ಯೋಗಿಗಳಿಗೆ ಇದು ರುಚಿಸಲಿಲ್ಲ. 1914ರಲ್ಲಿ ಕಾಡ್ಮನ್ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಗೆ ರಾಜೀನಾಮೆ ಕೊಟ್ಟ. 1911ರಿಂದ 1916ರವರೆಗೆ ತನ್ನದೇ ಪುಟ್ಟ ಆಸ್ಪತ್ರೆಯಿಂದ ಮನೆಗೆ ಹೋದ 337 ರೋಗಿಗಳ ಲೆಕ್ಕ ತೆಗೆದು, ಅದರಲ್ಲಿ 123 ತಪ್ಪುಗಳಾಗಿದ್ದವೆಂದು ತಾನೇ ಅಚ್ಚು ಹಾಕಿಸಿದ. ನೂರು ವರ್ಷಗಳ ನಂತರವೂ ಹೀಗೆ ತನ್ನ ತಪ್ಪಿನ ಪಟ್ಟಿಯನ್ನು ಬಾಗಿಲಿಗೆ ಅಂಟಿಸುವ ಆಸ್ಪತ್ರೆಯನ್ನು ಹುಡುಕಿ ತೆಗೆಯಬೇಕು.

ಎಣಿಸಬೇಕೆಂದರೆ ಮೊದಲು ಏನನ್ನು ತೊಡಕು ಎನ್ನಬೇಕು ಎಂಬುದರಲ್ಲಿ ಒಮ್ಮತ ಬೇಕು. ಒಬ್ಬ ಡಾಕ್ಟರಿಗೆ ‘ಸ್ವಲ್ಪ ಜ್ವರ’ ಎನಿಸಿದ್ದು ಇನ್ನೊಬ್ಬರಿಗೆ ಸೋಂಕಾಗಿ ಕಾಣಬಹುದು. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ತಂಡವೊಂದು 2004ರಲ್ಲಿ ಪರಿಷ್ಕರಿಸಿ ಪ್ರಕಟಿಸಿದ ಕ್ಲಾವಿಯನ್–ಡಿಂಡೊ ವರ್ಗೀಕರಣ ಈ ಗೊಂದಲವನ್ನು ಜಾಣತನದಿಂದ ದಾಟಿತು. ತೊಡಕಿಗೆ ಏನು ಹೆಸರು ಎಂಬ ಚರ್ಚೆ ಬಿಟ್ಟು, ಅದನ್ನು ಸರಿಪಡಿಸಲು ಏನು ಮಾಡಬೇಕಾಯಿತು ಎಂದು ಅದು ಕೇಳುತ್ತದೆ. ವಿಶೇಷ ಔಷಧಿಯಿಲ್ಲದೆ ಸುಧಾರಿಸಿದರೆ ಒಂದನೆಯ ದರ್ಜೆ. ಆಂಟಿಬಯಾಟಿಕ್ ಅಥವಾ ರಕ್ತ ಕೊಡಬೇಕಾದರೆ ಎರಡನೆಯದು, ಮತ್ತೆ ಕತ್ತರಿ ಹಿಡಿಯಬೇಕಾದರೆ ಮೂರನೆಯದು, ಐಸಿಯುಗೆ ಒಯ್ಯಬೇಕಾದರೆ ನಾಲ್ಕನೆಯದು. ಐದನೆಯದು ಸಾವು. ಬೆಂಗಳೂರಿನ ಆಸ್ಪತ್ರೆಯ ಅಂಕಿಯನ್ನು ಬರ್ಲಿನ್ನಿನದರ ಜೊತೆ ಇಟ್ಟು ನೋಡಲು ಸಾಧ್ಯವಾದದ್ದು ಇಂಥ ಅಳತೆಗೋಲುಗಳಿಂದ.

ಅಳೆಯಬೇಕಾದ ರಾಶಿಯೇನೂ ಚಿಕ್ಕದಲ್ಲ. 2012ರಲ್ಲಿ ಜಗತ್ತಿನಾದ್ಯಂತ ಸುಮಾರು 31 ಕೋಟಿ ಶಸ್ತ್ರಚಿಕಿತ್ಸೆಗಳು ನಡೆದವೆಂಬುದು ಅಂದಾಜು. ಜಗತ್ತಿನ ಮೂರನೆಯ ಒಂದಕ್ಕೂ ಹೆಚ್ಚು ಜನರಿರುವ ಅತಿ ಬಡ ದೇಶಗಳ ಪಾಲು ಅದರಲ್ಲಿ ಶೇ 6 ಮಾತ್ರ. ಶಸ್ತ್ರಚಿಕಿತ್ಸೆ ಆದ 30 ದಿನಗಳೊಳಗೆ ವರ್ಷಕ್ಕೆ 42 ಲಕ್ಷ ಜನ ಸಾಯುತ್ತಾರೆ ಎಂದು 2019ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಅಂದಾಜು ಹೇಳಿತು. ಎಚ್‌ಐವಿ, ಕ್ಷಯ, ಮಲೇರಿಯಾ ಮೂರೂ ಸೇರಿ ಕೊಲ್ಲುವವರಿಗಿಂತ ಇದು ಹೆಚ್ಚು. ಈ ಸಾವುಗಳೆಲ್ಲ ಆಪರೇಷನ್ನಿನಿಂದಲೇ ಆದವು ಎಂದಲ್ಲ. ಎಷ್ಟೋ ಜನ ಯಾವ ಕಾಯಿಲೆಗೆ ಮೇಜು ಹತ್ತಿದರೋ ಅದರಿಂದಲೇ ಹೋಗಿರುತ್ತಾರೆ. ಆದರೂ ಇಷ್ಟು ದೊಡ್ಡ ಸಂಖ್ಯೆಗೆ ಪ್ರತ್ಯೇಕ ಖಾತೆಯೇ ಇರಲಿಲ್ಲ ಎಂಬುದು ಸಣ್ಣ ಸಂಗತಿಯಲ್ಲ.

ಖಾತೆ ತೆರೆಯುವ ಕೆಲಸ ಹೆಚ್ಚಾಗಿ ನಡೆದದ್ದು 2010ರ ನಂತರ, ವಿಶಿಷ್ಟ ವಿಧಾನವೊಂದರಲ್ಲಿ. ಒಂದು ದೇಶದ ಹತ್ತಾರು ಆಸ್ಪತ್ರೆಗಳು ಗೊತ್ತುಮಾಡಿದ ಒಂದೇ ವಾರದಲ್ಲಿ ತಮ್ಮಲ್ಲಿ ಆಪರೇಷನ್ ಆದ ಪ್ರತಿಯೊಬ್ಬರ ವಿವರವನ್ನೂ ಒಂದೇ ನಮೂನೆಯಲ್ಲಿ ಬರೆದುಕೊಳ್ಳುವುದು, ಆಮೇಲೆ ಅವರನ್ನು ಹಿಂಬಾಲಿಸುವುದು. ಯುರೋಪಿನ 28 ದೇಶಗಳ 498 ಆಸ್ಪತ್ರೆಗಳಲ್ಲಿ 46,539 ರೋಗಿಗಳ ಮೇಲೆ ನಡೆದ ಇಂಥ ಅಧ್ಯಯನ 2012ರಲ್ಲಿ ಹೊರಬಂದಾಗ ಅಲ್ಲಿನ ವೈದ್ಯರೇ ಬೆಚ್ಚಿದರು. ಶೇ 4ರಷ್ಟು ರೋಗಿಗಳು ಆಸ್ಪತ್ರೆಯಲ್ಲೇ ತೀರಿಕೊಂಡಿದ್ದರು. ನಿರೀಕ್ಷಿಸಿದ್ದಕ್ಕಿಂತ ಇದು ಹೆಚ್ಚು. ಹಾಗೆ ಸತ್ತವರಲ್ಲಿ ಶೇ 73 ಮಂದಿಯನ್ನು ಯಾವ ಹಂತದಲ್ಲೂ ಐಸಿಯುಗೆ ಸೇರಿಸಿರಲಿಲ್ಲ.

2016ರಲ್ಲಿ ಬಂದ ಅಂತರರಾಷ್ಟ್ರೀಯ ಅಧ್ಯಯನ 27 ದೇಶಗಳ 44,814 ರೋಗಿಗಳದ್ದು. ಇವರು ಮುಂಚಿತವಾಗಿ ದಿನ ಗೊತ್ತುಮಾಡಿಕೊಂಡು ಆಪರೇಷನ್ನಿಗೆ ಬಂದವರು. ಇವರಲ್ಲಿ ಶೇ 16.8 ಜನರಿಗೆ ಏನಾದರೊಂದು ತೊಡಕಾಯಿತು. ಎರಡು ವರ್ಷಗಳ ನಂತರ ಆಫ್ರಿಕಾದ 25 ದೇಶಗಳಲ್ಲಿ 11,422 ರೋಗಿಗಳನ್ನು ಎಣಿಸಿದಾಗ ತೊಡಕಿಗೆ ಸಿಕ್ಕವರು ಶೇ 18.2. ಎರಡರ ನಡುವೆ ಹೇಳಿಕೊಳ್ಳುವಂಥ ಅಂತರವಿಲ್ಲ. ಅಂತರ ಕಾಣುವುದು ಮುಂದಿನ ಸಾಲಿನಲ್ಲಿ: ತೊಡಕಾದವರಲ್ಲಿ ಸತ್ತವರು ಮೊದಲನೆಯದರಲ್ಲಿ ಶೇ 2.8, ಆಫ್ರಿಕಾದಲ್ಲಿ ಶೇ 9.5. ಆಫ್ರಿಕಾದ ರೋಗಿಗಳು ವಯಸ್ಸಿನಲ್ಲಿ ಚಿಕ್ಕವರು, ಅನೇಕರು ಸಿಸೇರಿಯನ್ನಿಗೆ ಬಂದ ಗಟ್ಟಿಮುಟ್ಟಾದ ಹೆಂಗಸರು ಎಂಬುದನ್ನು ನೆನಪಿಟ್ಟರೆ ಅಂತರ ಇನ್ನೂ ಹಿರಿದಾಗುತ್ತದೆ. ಅಲ್ಲಿ ಸತ್ತವರಲ್ಲಿ ಶೇ 94ರಷ್ಟು ಜನ ಹೋದದ್ದು ಆಪರೇಷನ್ ದಿನ ಕಳೆದ ಮೇಲೆ. ದೇಶ ಯಾವುದಾದರೂ ಚಾಕು ಮಾಡುವ ಹಾನಿ ಹೆಚ್ಚುಕಡಿಮೆ ಒಂದೇ. ಹಾನಿಯಾಗಿದೆ ಎಂದು ಯಾರು, ಎಷ್ಟು ಬೇಗ ಕಂಡುಹಿಡಿಯುತ್ತಾರೆ ಎಂಬುದರಲ್ಲಿ ಭೂಮಿ ಆಕಾಶದ ವ್ಯತ್ಯಾಸ.

ಶ್ರೀಮಂತ ದೇಶದೊಳಗೂ ಇದೇ ಕತೆ. ಅಮೆರಿಕದ 84,730 ರೋಗಿಗಳ ದಾಖಲೆಗಳನ್ನು ಹಿಡಿದು 2009ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಅತಿ ಹೆಚ್ಚು ಸಾವು ಕಾಣುವ ಆಸ್ಪತ್ರೆಗಳಲ್ಲೂ ಅತಿ ಕಡಿಮೆ ಕಾಣುವ ಆಸ್ಪತ್ರೆಗಳಲ್ಲೂ ತೊಡಕಿನ ಪ್ರಮಾಣ ಹತ್ತಿರಹತ್ತಿರ ಒಂದೇ. ಗಂಭೀರ ತೊಡಕಾದ ಮೇಲೆ ಸಾಯುವವರು ಮಾತ್ರ ಒಂದು ಕಡೆ ಶೇ 21.4, ಇನ್ನೊಂದು ಕಡೆ ಶೇ 12.5. ರಾತ್ರಿ ಪಾಳಿಯ ನರ್ಸ್ ಎರಡು ಗಂಟೆಗೆ ನಾಡಿ ನೋಡಿ, ಡ್ಯೂಟಿ ಡಾಕ್ಟರನ್ನು ಎಬ್ಬಿಸಿದರೆ ಬೈಸಿಕೊಳ್ಳಬೇಕಾದೀತೆಂದು ಹಿಂಜರಿಯದಿರುವುದು ಈ ಎರಡು ಅಂಕಿಗಳ ನಡುವಿನ ಜಾಗದಲ್ಲಿ ಬರುತ್ತದೆ. ಹಾಗೆಂದು ಹೆಚ್ಚು ಗಮನ ಕೊಡಿ ಎಂದ ಮಾತ್ರಕ್ಕೆ ಎಲ್ಲವೂ ಸರಿಹೋಗುವುದಿಲ್ಲ. ಆಫ್ರಿಕಾದ ತಂಡವೇ ಅಪಾಯ ಹೆಚ್ಚಿರುವ ರೋಗಿಗಳನ್ನು ಗುರುತಿಸಿ ಅವರ ಮೇಲೆ ವಿಶೇಷ ನಿಗಾ ಇಡುವ ಪ್ರಯೋಗ ಮಾಡಿ 2021ರಲ್ಲಿ ಫಲ ಪ್ರಕಟಿಸಿತು. ಸಾವು ಕಡಿಮೆಯಾಗಲಿಲ್ಲ. ಕಂಡ ಮೇಲೆ ಮಾಡಬೇಕಾದ್ದನ್ನು ಮಾಡಲು ಕೈಗಳೇ ಸಾಲದಿದ್ದರೆ ಕಂಡು ಏನು?

ಈ ಜಾಗತಿಕ ಲೆಕ್ಕದಲ್ಲಿ ಕರ್ನಾಟಕದ ಹೆಸರು ಸಾಕಷ್ಟು ಮುಂಚೆಯೇ ಸೇರಿದೆ. ಕೆನಡಾದ ಹ್ಯಾಮಿಲ್ಟನ್ನಿನಲ್ಲಿರುವ ಜನಸಮುದಾಯ ಆರೋಗ್ಯ ಸಂಶೋಧನಾ ಸಂಸ್ಥೆಯನ್ನು ಕಟ್ಟಿದ ಸಲೀಂ ಯೂಸುಫ್ ಕೇರಳದಲ್ಲಿ ಹುಟ್ಟಿದವರು, ವೈದ್ಯಪದವಿ ಪಡೆದದ್ದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ. ಆ ಸಂಸ್ಥೆ ನಡೆಸಿದ ‘ಪಾಯ್ಸ್’ ಪ್ರಯೋಗದ ಲೇಖಕರ ಪಟ್ಟಿಯಲ್ಲಿ ಸೇಂಟ್ ಜಾನ್ಸ್‌ನ ಡಾ. ಡೆನಿಸ್ ಝೇವಿಯರ್ ಮತ್ತು ಡಾ. ಪ್ರೇಮ್ ಪೈಸ್ ಇದ್ದಾರೆ. ಹೃದಯಕ್ಕೆ ಸಂಬಂಧಿಸದ ಆಪರೇಷನ್ನಿನ ಹೊತ್ತಿಗೆ ಹೃದಯಬಡಿತ ತಗ್ಗಿಸುವ ಮೆಟೊಪ್ರೊಲಾಲ್ ಮಾತ್ರೆ ಕೊಟ್ಟರೆ ಹೃದಯಾಘಾತ ತಪ್ಪುತ್ತದೆ ಎಂಬ ನಂಬಿಕೆ ಆಗ ಬಲವಾಗಿತ್ತು. 23 ದೇಶಗಳ 8,351 ರೋಗಿಗಳಲ್ಲಿ ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಹೃದಯಾಘಾತ ನಿಜಕ್ಕೂ ಕಡಿಮೆಯಾಗಿತ್ತು. ಆದರೆ ಸಾವು ಶೇ 2.3ರಿಂದ 3.1ಕ್ಕೆ ಏರಿತ್ತು, ಪಾರ್ಶ್ವವಾಯು ಶೇ 0.5ರಿಂದ 1ಕ್ಕೆ. ಹೃದಯ ಉಳಿಸಲು ಹೊರಟ ಮಾತ್ರೆ ರೋಗಿಯನ್ನೇ ಬಿಟ್ಟುಕೊಟ್ಟಿತ್ತು. ಬೇರೆ ಎರಡು ದೇಶಗಳ ಕೆಲವು ಆಸ್ಪತ್ರೆಗಳಿಂದ ಬಂದ ಅಂಕಿಗಳು ಕಟ್ಟುಕತೆಯೆಂದು ತಪಾಸಣೆಯಲ್ಲಿ ಗೊತ್ತಾಗಿ, 947 ರೋಗಿಗಳ ವಿವರವನ್ನು ಪೂರ್ತಿ ಕೈಬಿಡಬೇಕಾಯಿತು ಎಂಬುದನ್ನೂ ತಂಡ ಮುಚ್ಚಿಡಲಿಲ್ಲ. ದೊಡ್ಡ ಸಂಖ್ಯೆ ಕಂಡ ಕೂಡಲೇ ನಂಬುವವರು ಈ ಅಡಿಟಿಪ್ಪಣಿಯನ್ನು ಓದಬೇಕು.

ಅದೇ ಬಳಗದ ‘ವಿಷನ್’ ಅಧ್ಯಯನದಲ್ಲೂ ಬೆಂಗಳೂರಿನ ಸಂಶೋಧಕರಿದ್ದರು. 14 ದೇಶಗಳಲ್ಲಿ 45 ವರ್ಷ ದಾಟಿದ 40,004 ರೋಗಿಗಳನ್ನು ಹಿಂಬಾಲಿಸಿ, ಸಾವು ಯಾವಾಗ, ಯಾಕೆ ಬರುತ್ತದೆಂದು ಅದು 2019ರಲ್ಲಿ ಹೇಳಿತು. 30 ದಿನಗಳಲ್ಲಿ ಸತ್ತವರು 715 ಮಂದಿ. ಆಪರೇಷನ್ ಕೋಣೆಯೊಳಗೆ ಸತ್ತವರು ಅವರಲ್ಲಿ ಐದೇ ಐದು ಜನ. ವಾರ್ಡಿಗೆ ಬಂದ ಮೇಲೆ ಆಸ್ಪತ್ರೆಯಲ್ಲೇ ಸತ್ತವರು 500, ಬಿಡುಗಡೆಯಾಗಿ ಹೋದ ಮೇಲೆ ಸತ್ತವರು 210. ಥಿಯೇಟರಿನ ಬಾಗಿಲ ಮೇಲಿನ ಕೆಂಪು ದೀಪ ಆರುವವರೆಗೆ ಉಸಿರು ಬಿಗಿಹಿಡಿದು ಕೂರುವ ಬಂಧುಗಳ ಭಯ ಸಹಜವೇ, ಆದರೆ ಅದು ತಪ್ಪು ಗಳಿಗೆಗೆ ಮೀಸಲಾಗಿದೆ. ಸಾವಿಗೆ ಹೆಚ್ಚಾಗಿ ತಳುಕು ಹಾಕಿಕೊಂಡಿದ್ದವು ಮೂರು: ಅತಿಯಾದ ರಕ್ತಸ್ರಾವ, ಹೃದಯದ ಸ್ನಾಯುವಿಗೆ ಆಗುವ ಪೆಟ್ಟು, ಮೈತುಂಬ ಹರಡುವ ನಂಜು. ಇವುಗಳಲ್ಲಿ ಎರಡನೆಯದು ಮೋಸಗಾರ. ಅದೇ ಅಧ್ಯಯನದ 2014ರ ವರದಿಯಂತೆ ಹೃದಯಕ್ಕೆ ಪೆಟ್ಟಾದವರಲ್ಲಿ ಶೇ 84ರಷ್ಟು ಜನರಿಗೆ ಎದೆನೋವು, ಉಬ್ಬಸದಂಥ ಯಾವ ಲಕ್ಷಣವೂ ಇರಲಿಲ್ಲ. ಆಪರೇಷನ್ನಿನ ನೋವಿಗೆ ಕೊಡುವ ಔಷಧಿಯೇ ಎದೆಯ ನೋವನ್ನೂ ಮುಚ್ಚುತ್ತದೆ. ರಕ್ತದಲ್ಲಿ ಟ್ರೊಪೊನಿನ್ ಪರೀಕ್ಷೆ ಮಾಡಿದರಷ್ಟೇ ಅದು ಸಿಕ್ಕಿಬೀಳುವುದು.

ನಂಜಿನ ವಿಷಯ ಮಲೆನಾಡಿನ ಮನೆಗಳಿಗೆ ಹೊಸದಲ್ಲ, ಅರ್ಥ ಮಾತ್ರ ಬೇರೆ. ಗಾಯ ಕೆಂಪಾಗಿ ಬಾತರೆ ‘ನಂಜಾಯ್ತು’ ಎನ್ನುತ್ತಾರೆ. ಕಾರಣವನ್ನು ಹುಡುಕುವುದು ತಟ್ಟೆಯಲ್ಲಿ: ಬದನೆಕಾಯಿ ತಿಂದದ್ದಕ್ಕೆ, ಹಲಸಿನಹಣ್ಣು ತಿಂದದ್ದಕ್ಕೆ, ಮೀನು ತಿಂದದ್ದಕ್ಕೆ. ಪಥ್ಯ ಬಿಗಿಮಾಡಿ ಎರಡು ದಿನ ನೋಡೋಣ ಎಂದುಕೊಳ್ಳುವಷ್ಟರಲ್ಲಿ ಹೊಲಿಗೆಯ ಕೆಳಗೆ ಕೀವು ಹಾದಿ ಮಾಡಿಕೊಂಡಿರುತ್ತದೆ. ಆಪರೇಷನ್ ಗಾಯದ ಸೋಂಕು ಬಹುಮಟ್ಟಿಗೆ ಒಳಗೆ ಹೋಗುವುದು ಕತ್ತರಿಸಿದ ಹೊತ್ತಿನಲ್ಲಿ, ರೋಗಿಯ ಚರ್ಮದಿಂದ ಅಥವಾ ಕರುಳಿನಿಂದ. ಹೊರಗೆ ಕಾಣುವುದು ಐದನೆಯ ದಿನದಿಂದ ಹತ್ತನೆಯ ದಿನದೊಳಗೆ, ಅಂದರೆ ಅನೇಕರು ಮನೆಗೆ ಬಂದ ಮೇಲೆ.

66 ದೇಶಗಳ 12,539 ರೋಗಿಗಳಲ್ಲಿ, ಹೊಟ್ಟೆಯ ಆಪರೇಷನ್ ಆದವರನ್ನು ಮಾತ್ರ ಹಿಡಿದು, ‘ಗ್ಲೋಬಲ್‌ಸರ್ಜ್’ ಎಂಬ ಬಳಗ ಈ ಸೋಂಕನ್ನು ಎಣಿಸಿತು. 2018ರಲ್ಲಿ ಬಂದ ಅದರ ವರದಿಯ ಪ್ರಕಾರ ಮಾನವ ಅಭಿವೃದ್ಧಿ ಸೂಚ್ಯಂಕದಲ್ಲಿ ಮೇಲಿರುವ ದೇಶಗಳಲ್ಲಿ ಸೋಂಕು ಶೇ 9.4, ಮಧ್ಯದವುಗಳಲ್ಲಿ ಶೇ 14, ಕೆಳಗಿನವುಗಳಲ್ಲಿ ಶೇ 23.2. ಪ್ರಯೋಗಾಲಯಕ್ಕೆ ಕಳಿಸಿ ಪರೀಕ್ಷಿಸಿದ ಸೋಂಕುಗಳಲ್ಲಿ ಐದರಲ್ಲಿ ಒಂದು, ಆಪರೇಷನ್ನಿಗೆ ಮುಂಚೆ ಕೊಟ್ಟಿದ್ದ ಆಂಟಿಬಯಾಟಿಕ್ಕಿಗೆ ಬಗ್ಗದ ಸೂಕ್ಷ್ಮಾಣುವಿನಿಂದ ಬಂದದ್ದು. ಈ ಬಳಗ ಕೆಲಸ ಮಾಡುವ ಬಗೆಯೂ ವಿಶೇಷ. ಅಂಕಿ ಸಂಗ್ರಹಿಸುವವರಲ್ಲಿ ದೊಡ್ಡ ಪ್ರಾಧ್ಯಾಪಕರಷ್ಟೇ ಅಲ್ಲ, ವೈದ್ಯ ವಿದ್ಯಾರ್ಥಿಗಳೂ ಪಿ.ಜಿ.ಗಳೂ ಇರುತ್ತಾರೆ, ಎಲ್ಲರ ಹೆಸರೂ ಲೇಖಕರ ಪಟ್ಟಿಗೆ ಸೇರುತ್ತದೆ. ಇದೇ ಬಳಗ ಕೋವಿಡ್ ಕಾಲದಲ್ಲಿ 116 ದೇಶಗಳ 1,40,231 ರೋಗಿಗಳ ಲೆಕ್ಕ ತೆಗೆದು, ಸೋಂಕು ತಗುಲಿದ ಮೇಲೆ ಆಪರೇಷನ್ನನ್ನು ಏಳು ವಾರವಾದರೂ ಮುಂದೂಡುವುದು ಕ್ಷೇಮ ಎಂದು ಹೇಳಿತು. ಏಳು ವಾರದೊಳಗೆ ಮೇಜು ಹತ್ತಿದವರಲ್ಲಿ ಸಾವು ಎರಡು ಪಟ್ಟಿಗೂ ಮೀರಿತ್ತು. ಆ ಸಲಹೆ ಅನೇಕ ದೇಶಗಳ ನಿಯಮವೇ ಆಯಿತು.

ಸೋಂಕು ತಡೆಯುವ ದಾರಿಗಳಲ್ಲಿ ದುಬಾರಿಯಾದದ್ದೇ ಮೇಲು ಎಂಬ ಭಾವನೆಗೆ ಎರಡು ಪ್ರಯೋಗಗಳು ಉತ್ತರ ಕೊಟ್ಟಿವೆ. ಭಾರತವೂ ಸೇರಿ ಏಳು ದೇಶಗಳಲ್ಲಿ ಎರಡೂ ನಡೆದವು. 2021ರಲ್ಲಿ ಬಂದ ‘ಫಾಲ್ಕನ್’ ಪ್ರಯೋಗ ಸೂಕ್ಷ್ಮಾಣುನಾಶಕ ಲೇಪಿಸಿದ ದುಬಾರಿ ಹೊಲಿಗೆ ದಾರವನ್ನೂ, ಚರ್ಮ ಶುದ್ಧಿಗೆ ಬಳಸುವ ಕ್ಲೋರ್‌ಹೆಕ್ಸಿಡಿನ್ ಮತ್ತು ಅಯೋಡಿನ್ ದ್ರಾವಣಗಳನ್ನೂ 5,788 ರೋಗಿಗಳಲ್ಲಿ ಹೋಲಿಸಿತು. ವ್ಯತ್ಯಾಸ ಕಾಣಲಿಲ್ಲ, ಹಳೆಯ ಅಯೋಡಿನ್, ಸಾದಾ ದಾರ ಸಾಕು ಎಂದಾಯಿತು. ಮರುವರ್ಷದ ‘ಚೀತಾ’ ಪ್ರಯೋಗ ಪರೀಕ್ಷಿಸಿದ್ದು ಅಡುಗೆಮನೆಯಲ್ಲಿ ಯಾರಿಗಾದರೂ ಹೊಳೆಯಬಹುದಾದ ವಿಚಾರ: ಹೊಟ್ಟೆಯೊಳಗೆ ಕೆಲಸ ಮಾಡಿದ ಗ್ಲೌಸು, ಕತ್ತರಿ, ಇಕ್ಕಳಗಳಿಂದಲೇ ಹೊಲಿಗೆ ಹಾಕುವ ಬದಲು, ಮುಚ್ಚುವ ಮುನ್ನ ಹೊಸ ಗ್ಲೌಸು ಹಾಕಿ ಬೇರೆ ಶುದ್ಧ ಸಾಮಾನು ತೆಗೆದುಕೊಂಡರೆ? 81 ಆಸ್ಪತ್ರೆಗಳ 13,301 ರೋಗಿಗಳಲ್ಲಿ ಸೋಂಕು ಶೇ 18.9ರಿಂದ 16ಕ್ಕೆ ಇಳಿಯಿತು. ಎಂಟರಲ್ಲಿ ಒಂದು ಸೋಂಕು ತಪ್ಪಿತು ಎಂದಂತಾಯಿತು. ಮೀನು ಹೆಚ್ಚಿದ ಮಣೆಯ ಮೇಲೆ ಸೌತೆಕಾಯಿ ಹೆಚ್ಚಬಾರದು ಎಂಬುದಕ್ಕೆ ಇಷ್ಟು ದೊಡ್ಡ ಪ್ರಯೋಗ ಬೇಕಿತ್ತೇ ಎನಿಸಬಹುದು. ಬೇಕಿತ್ತು. ಹೊಳೆಯುವ ವಿಚಾರಗಳಲ್ಲಿ ಯಾವುದು ನಿಜಕ್ಕೂ ಫಲ ಕೊಡುತ್ತದೆಂದು ಎಣಿಸದೆ ತಿಳಿಯದು. ದುಬಾರಿ ದಾರವೂ ಹೊಳೆದ ವಿಚಾರವೇ ಆಗಿತ್ತು.

ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷತಾ ಪಟ್ಟಿಯ ಕತೆ ಇದೇ ಜಾತಿಯದು. ರೋಗಿಯ ಹೆಸರೇನು, ಯಾವ ಕಡೆಯ ಕಾಲು, ಆಂಟಿಬಯಾಟಿಕ್ ಕೊಟ್ಟಾಯಿತೇ, ಬಟ್ಟೆಯ ತುಂಡುಗಳು ಲೆಕ್ಕಕ್ಕೆ ಸರಿಯಿವೆಯೇ ಎಂದು ಎಲ್ಲರೂ ಗಟ್ಟಿಯಾಗಿ ಹೇಳಿಕೊಳ್ಳುವ 19 ಅಂಶಗಳ ಪಟ್ಟಿ ಅದು. ದೆಹಲಿಯೂ ಸೇರಿ ಎಂಟು ನಗರಗಳಲ್ಲಿ ಬಳಸಿದಾಗ ಸಾವು ಶೇ 1.5ರಿಂದ 0.8ಕ್ಕೂ, ತೊಡಕು ಶೇ 11ರಿಂದ 7ಕ್ಕೂ ಇಳಿಯಿತೆಂದು 2009ರಲ್ಲಿ ವರದಿಯಾಯಿತು. 2014ರಲ್ಲಿ ಕೆನಡಾದ ಒಂಟಾರಿಯೊ ಪ್ರಾಂತ್ಯ 101 ಆಸ್ಪತ್ರೆಗಳಲ್ಲಿ ಪಟ್ಟಿಯನ್ನು ಜಾರಿಗೆ ತಂದ ಮೇಲಿನ ಲೆಕ್ಕ ಹೊರಬಿದ್ದಾಗ ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ. ಪಟ್ಟಿಯನ್ನು ಓದುವುದು ಬೇರೆ, ಹಾಜರಿ ಪುಸ್ತಕಕ್ಕೆ ಸಹಿ ಹಾಕುವಂತೆ ಗುರುತು ಹಾಕುವುದು ಬೇರೆ.

ಇಲ್ಲಿಯವರೆಗಿನ ಲೆಕ್ಕವೆಲ್ಲ ರೋಗಿ ಆಸ್ಪತ್ರೆ ತಲುಪಿದ ಮೇಲಿನದು. ಕಾಫಿ ಸೀಮೆಯಲ್ಲಿ ಫಲಿತಾಂಶದ ಒಂದು ಪಾಲು ದಾರಿಯಲ್ಲೇ ತೀರ್ಮಾನವಾಗುತ್ತದೆ. ಇಲ್ಲಿನ ದುಡಿಮೆ ಮರದ ಮೇಲಿನ ದುಡಿಮೆ. ಮಳೆಗಾಲಕ್ಕೆ ಮುಂಚೆ ನೆರಳಿನ ಮರಗಳ ಕೊಂಬೆ ಸವರುವ ಮರಗಸಿ, ಕಾಫಿ ಕುಯ್ಲು ಮುಗಿಯುತ್ತಿದ್ದಂತೆ ಸಿಲ್ವರ್ ಮರಗಳಿಗೆ ಹಬ್ಬಿದ ಕಾಳುಮೆಣಸಿನ ಬಳ್ಳಿಗೆ ಏಣಿ ಹಾಕುವುದು, ಅಡಿಕೆ ಕೊನೆ ಇಳಿಸುವುದು. ಏಣಿ ಜಾರಿದರೆ ಬೆನ್ನುಮೂಳೆ, ತೊಡೆಮೂಳೆ, ಮೊಣಕಾಲ ಕೆಳಗಿನ ಮೂಳೆ. ಚರ್ಮ ಸೀಳಿ ಮೂಳೆ ಹೊರಬಂದ ಗಾಯಕ್ಕೆ ಗಂಟೆಗಳ ಲೆಕ್ಕ. ಮಣ್ಣು, ಎಲೆಕೊಳೆ ಒಳಸೇರಿದ್ದನ್ನು ಬೇಗ ತೊಳೆದು, ಆಂಟಿಬಯಾಟಿಕ್ ಕೊಟ್ಟು, ಮೂಳೆ ಬಿಗಿಯದಿದ್ದರೆ ಸೋಂಕು ಮೂಳೆಯೊಳಗೇ ಮನೆ ಮಾಡುತ್ತದೆ.

ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ಮೋಹಿತ್ ಭಂಡಾರಿ ಮುಂದಾಳತ್ವದ ‘ಇನಾರ್ಮಸ್’ ಅಧ್ಯಯನ 2014ರಿಂದ 2019ರವರೆಗೆ ಭಾರತವೂ ಸೇರಿ 18 ದೇಶಗಳ 49 ಆಸ್ಪತ್ರೆಗಳಿಗೆ ಮೂಳೆ ಮುರಿದು ಬಂದ 31,255 ಜನರ ಪ್ರಯಾಣವನ್ನು ಬರೆದುಕೊಂಡಿತು. ಮೂಳೆ ಹೊರಬಂದಿದ್ದ 5,256 ಜನರಲ್ಲಿ ಶೇ 72ರಷ್ಟು ಮಂದಿ ಎರಡು ಗಂಟೆಯೊಳಗೆ ಆಸ್ಪತ್ರೆ ಸೇರಿರಲಿಲ್ಲ. ಚರ್ಮ ಹರಿಯದ ಮುರಿತದವರಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಒಂದು ಇಡೀ ದಿನ ಕಳೆದ ಮೇಲೆ ಬಂದರು. 2015ರ ‘ಲ್ಯಾನ್ಸೆಟ್’ ಜಾಗತಿಕ ಶಸ್ತ್ರಚಿಕಿತ್ಸಾ ಆಯೋಗವೂ ಇದೇ ಎರಡು ಗಂಟೆಯನ್ನು ಗೆರೆಯಾಗಿ ಎಳೆದಿತ್ತು. ಸಿಸೇರಿಯನ್, ಹೊಟ್ಟೆ ತೆರೆಯುವ ಆಪರೇಷನ್, ಮೂಳೆ ಹೊರಬಂದ ಗಾಯದ ಚಿಕಿತ್ಸೆ, ಈ ಮೂರನ್ನು ಮಾಡಬಲ್ಲ ಆಸ್ಪತ್ರೆ ಬಹುಪಾಲು ಜನರಿಗೆ ಎರಡು ಗಂಟೆಯ ದಾರಿಯಲ್ಲಿರಬೇಕು ಎಂದು.

ನಕ್ಷೆಯ ಮೇಲೆ ಅಳೆದರೆ ಮೂಡಿಗೆರೆಯ ಬಹುಪಾಲು ಊರುಗಳು ಈ ಗೆರೆಯೊಳಗೆ ಬರಬಹುದು. ನಕ್ಷೆಗೆ ಆಷಾಢದ ಮಳೆ ಗೊತ್ತಿಲ್ಲ. ಕಳಸದವರು ಕುದುರೆಮುಖ, ಕಾರ್ಕಳದ ದಾರಿ ಹಿಡಿದು ಮಣಿಪಾಲಕ್ಕೆ ಇಳಿಯುತ್ತಾರೆ. ಬಣಕಲ್, ಕೊಟ್ಟಿಗೆಹಾರದ ಕಡೆಯವರು ಚಾರ್ಮಾಡಿ ಇಳಿದು ಉಜಿರೆಗೋ ಮಂಗಳೂರಿಗೋ. ಇಲ್ಲವಾದರೆ ಘಟ್ಟದ ಮೇಲೆಯೇ ಚಿಕ್ಕಮಗಳೂರು, ಹಾಸನ. 2019ರ ಆಗಸ್ಟಿನ ಮಳೆಗೆ ಗುಡ್ಡ ಕುಸಿದು ಚಾರ್ಮಾಡಿ ಘಾಟಿ ಮುಚ್ಚಿದಾಗ ಆ ದಾರಿಯೇ ಇಲ್ಲವಾಯಿತು. 2008ರ ನವೆಂಬರ್ 1ರಂದು ರಾಜ್ಯದಲ್ಲಿ ಶುರುವಾದ 108 ಆಂಬುಲೆನ್ಸ್ ಡಾಂಬರು ರಸ್ತೆಯವರೆಗೆ ಬರುತ್ತದೆ. ಅಲ್ಲಿಂದ ತೋಟದ ಲೈನ್ ಮನೆಯವರೆಗಿನ ಇಳಿಜಾರಿಗೆ ಜೀಪು, ಪಿಕಪ್, ಕೆಲವೊಮ್ಮೆ ಕಂಬಳಿ ಕಟ್ಟಿದ ಬಿದಿರು. ತಾಲ್ಲೂಕು ಆಸ್ಪತ್ರೆಯಲ್ಲಿ ‘ಕೆಳಗೆ ಬರೆದುಕೊಟ್ಟರು’ ಎಂದರೆ ಇನ್ನೊಂದು ಸುತ್ತಿನ ಪ್ರಯಾಣ. ಮುರಿದ ಮೂಳೆಗೆ ನಾಟಿ ಕಟ್ಟು ಹಾಕಿಸಿ ನೋಡುವ ರೂಢಿಯೂ ಇದೆ. ಸೊಂಟದ ಮೂಳೆ ಮುರಿದ ಮುದುಕರ ವಿಷಯದಲ್ಲಿ ಇದರ ಬೆಲೆ ಹೆಚ್ಚು. 17 ದೇಶಗಳ 2,970 ರೋಗಿಗಳ ಪ್ರಯೋಗವೊಂದು 2020ರಲ್ಲಿ ತೋರಿಸಿದಂತೆ, ಆರು ಗಂಟೆಯಲ್ಲಿ ಆಪರೇಷನ್ ಮಾಡಿದರೂ ಒಂದು ದಿನಕ್ಕೆ ಮಾಡಿದರೂ ಸಾವಿನಲ್ಲಿ ವ್ಯತ್ಯಾಸವಿಲ್ಲ, ಆದರೆ ಬೇಗ ಮಾಡಿಸಿಕೊಂಡವರಲ್ಲಿ ಬುದ್ಧಿಭ್ರಮೆ ಕಡಿಮೆ, ಎದ್ದು ಓಡಾಡುವುದೂ ಬೇಗ. ಅಲ್ಲಿ ತಡ ಎಂದರೆ 24 ಗಂಟೆ. ಹಾಸಿಗೆಯಲ್ಲಿ ಹದಿನೈದು ದಿನ ಮಲಗಿಸಿ ಎಣ್ಣೆ ಹಚ್ಚಿದ ಅಜ್ಜಿಯನ್ನು ಆ ಪ್ರಯೋಗ ಎಣಿಸಿಲ್ಲ.

ದಾರಿಗೂ ಮುಂಚಿನ ಸಂಗತಿ ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಅರ್ಧಕ್ಕೆ ಹತ್ತಿರದಷ್ಟು ಜನರಿಗೆ ರಕ್ತ ಕಡಿಮೆ. ಆಪರೇಷನ್ನಿಗೆ ಮುಂಚೆ ಸ್ವಲ್ಪವೇ ರಕ್ತಹೀನತೆ ಇದ್ದರೂ ಸಾವು, ತೊಡಕು ಹೆಚ್ಚುತ್ತವೆ ಎಂದು 2,27,425 ರೋಗಿಗಳ ದಾಖಲೆ ನೋಡಿದ 2011ರ ಅಧ್ಯಯನ ಹೇಳಿದೆ. ದಿನ ಗೊತ್ತುಮಾಡಿದ ಗರ್ಭಕೋಶದ ಆಪರೇಷನ್ನಿಗೆ ಮುಂಚೆ ಎರಡು ತಿಂಗಳು ಕಬ್ಬಿಣದ ಮಾತ್ರೆ ನುಂಗಿಸುವುದು ಐಸಿಯುವಿನ ಒಂದು ದಿನಕ್ಕಿಂತ ಅಗ್ಗ. ಅಡ್ಡಿಯೆಂದರೆ ಆಪರೇಷನ್ನಿನ ದಿನವನ್ನು ಹಿಮೋಗ್ಲೋಬಿನ್ ನೋಡಿ ಗೊತ್ತುಮಾಡುವುದಕ್ಕಿಂತ ಕುಯ್ಲು ಮುಗಿಯುವ ದಿನ ನೋಡಿ ಗೊತ್ತುಮಾಡುವುದೇ ಇಲ್ಲಿ ಹೆಚ್ಚು.

ಹಣದ ಅಡ್ಡಿ ತೆಗೆದರೆ ಫಲಿತಾಂಶ ಬದಲಾಗುತ್ತದೆಯೇ ಎಂಬ ಪ್ರಶ್ನೆಗೆ ಜಗತ್ತಿನಲ್ಲಿ ಸಿಕ್ಕಿರುವ ಒಳ್ಳೆಯ ಉತ್ತರಗಳಲ್ಲಿ ಒಂದು ಕರ್ನಾಟಕದ್ದೇ. ಸಹಕಾರ ಸಂಘಗಳ ಸದಸ್ಯರಿಗೆ ತಿಂಗಳಿಗೆ ಐದು ರೂಪಾಯಿಯ ವಂತಿಗೆಯಲ್ಲಿ ಆಪರೇಷನ್ ಕೊಡಿಸುವ ಯಶಸ್ವಿನಿ 2003ರಲ್ಲಿ ಆರಂಭವಾಗಿತ್ತು. ಬಡತನ ರೇಖೆಯ ಕೆಳಗಿನವರಿಗೆ ದೊಡ್ಡಾಸ್ಪತ್ರೆಯ ಚಿಕಿತ್ಸೆಯನ್ನು ಪೂರ್ತಿ ಉಚಿತವಾಗಿ, ವರ್ಷಕ್ಕೆ ಕುಟುಂಬಕ್ಕೆ ಒಂದೂವರೆ ಲಕ್ಷ ರೂಪಾಯಿವರೆಗೆ ಕೊಡುವ ವಾಜಪೇಯಿ ಆರೋಗ್ಯಶ್ರೀ ಬಂದದ್ದು 2010ರ ಫೆಬ್ರುವರಿಯಲ್ಲಿ. ಅದು ಮೊದಲು ಜಾರಿಯಾದದ್ದು ರಾಜ್ಯದ ಉತ್ತರ ಭಾಗದಲ್ಲಿ. ಮೈಸೂರು ವಿಭಾಗದಲ್ಲಿರುವ ಚಿಕ್ಕಮಗಳೂರಿನಂಥ ಜಿಲ್ಲೆಗಳು 2012ರವರೆಗೆ ಕಾಯಬೇಕಾಯಿತು. ಆಡಳಿತದ ಈ ತಡವೇ ಸಂಶೋಧಕರಿಗೆ ವರವಾಯಿತು. ಗಡಿಯ ಈಚೆ ಆಚೆಯ ಹಳ್ಳಿಗಳ ಭಾಷೆ, ಬೆಳೆ, ಬಡತನ ಎಲ್ಲ ಒಂದೇ. ಒಂದು ಕಡೆ ಕಾರ್ಡಿಗೆ ಆಪರೇಷನ್ ಸಿಗುತ್ತದೆ, ಇನ್ನೊಂದು ಕಡೆ ಇಲ್ಲ. ಅಮೆರಿಕದ ನೀರಜ್ ಸೂದ್ ಮತ್ತು ಜೊತೆಗಾರರು ಯೋಜನೆ ಇದ್ದ 300, ಇಲ್ಲದ 272 ಹಳ್ಳಿಗಳನ್ನು ಹೋಲಿಸಿದರು.

2014ರಲ್ಲಿ ಬಂದ ಅವರ ಮೊದಲ ವರದಿ, ಯೋಜನೆಗೆ ಒಳಪಟ್ಟ ಕಾಯಿಲೆಗಳಿಂದ ಬಡವರ ಸಾವು ಶೇ 0.90ರ ಬದಲು 0.32 ಇತ್ತು ಎಂದಿತು. ಶೇ 64ರ ಇಳಿಕೆ. ಒಂದು ವಿಮೆಯಿಂದ ಇಷ್ಟಾಯಿತೆಂದು ನುಂಗಿಕೊಳ್ಳುವುದು ಕಷ್ಟ, ಅರ್ಧದಷ್ಟಾದರೂ ದೊಡ್ಡದೇ. 2016ರ ಎರಡನೆಯ ವರದಿಗೆ ಅಷ್ಟು ಪ್ರಚಾರ ಸಿಗಲಿಲ್ಲ, ಶಸ್ತ್ರಚಿಕಿತ್ಸೆಯ ದೃಷ್ಟಿಯಿಂದ ಮಾತ್ರ ಅದೇ ಹೆಚ್ಚು ಬೆಲೆಯುಳ್ಳದ್ದು. ಎರಡೂ ಕಡೆ ಕಾಯಿಲೆಯ ಲಕ್ಷಣಗಳು ಸಮಸಮ ಇದ್ದವು, ಆದರೆ ಯೋಜನೆ ಇದ್ದಲ್ಲಿ ನೂರರಲ್ಲಿ ಐದು ಮಂದಿ ಹೆಚ್ಚಾಗಿ ಚಿಕಿತ್ಸೆಗೆ ಹೋದರು, ಅದರಲ್ಲೂ ಎದೆಯ ತೊಂದರೆಗೆ. ಆಸ್ಪತ್ರೆಯಿಂದ ಬಂದ ಮೇಲೆ ಅವರ ನಡಿಗೆ ಹೆಚ್ಚು ಸುಧಾರಿಸಿತ್ತು, ನೋವು ಮತ್ತು ಆತಂಕ ಹೆಚ್ಚು ತಗ್ಗಿದ್ದವು. ಸೋಂಕಾಯಿತು ಎಂದವರು ಶೇಕಡಾವಾರಿನಲ್ಲಿ 9.4 ಅಂಶ ಕಡಿಮೆ. ಸಂಖ್ಯಾಶಾಸ್ತ್ರದ ಕಟ್ಟುನಿಟ್ಟಿನಲ್ಲಿ ಇದು ಗಟ್ಟಿ ನಿಲ್ಲುವುದಿಲ್ಲ. ಗಟ್ಟಿಯಾಗಿ ನಿಂತದ್ದು ಇನ್ನೊಂದು: ಮತ್ತೆ ಆಸ್ಪತ್ರೆ ಸೇರಬೇಕಾದವರು 16.5 ಅಂಶ ಕಡಿಮೆ. ಬೇಗ ಹೋದದ್ದು, ಒಳ್ಳೆಯ ಆಸ್ಪತ್ರೆಗೆ ಹೋದದ್ದು, ದುಡ್ಡಿಲ್ಲವೆಂದು ಅರ್ಧಕ್ಕೆ ಎದ್ದು ಬರದಿದ್ದದ್ದು ಎಲ್ಲವೂ ಇದರಲ್ಲಿ ಕೆಲಸ ಮಾಡಿರಬೇಕು. ಈ ಅಂಕಿಗಳು ಹಳ್ಳಿಯ ಮನೆಯ ಜಗಲಿಯಲ್ಲಿ ಕೇಳಿ ಬರೆದುಕೊಂಡವು ಎಂಬುದು ವಿಶೇಷ. ಆಸ್ಪತ್ರೆಯ ಕಡತಕ್ಕೆ ಗೊತ್ತಿರುವುದು ತನ್ನ ಬಾಗಿಲಿಗೆ ಮರಳಿ ಬಂದ ರೋಗಿ ಮಾತ್ರ. 2018ರಿಂದ ವಾಜಪೇಯಿ ಆರೋಗ್ಯಶ್ರೀಯ ಜಾಗದಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಇದೆ, ಈಗ ಗಡಿಯ ಆಚೆ ಈಚೆ ಎಂಬ ಭೇದವಿಲ್ಲ.

ಉಳಿದದ್ದು ಜಗಲಿಯ ಲೆಕ್ಕ. ಅಂತರರಾಷ್ಟ್ರೀಯ ಅಧ್ಯಯನಗಳಲ್ಲಿ ಮೂವತ್ತನೆಯ ದಿನ ಸಾಮಾನ್ಯವಾಗಿ ಒಂದು ಫೋನ್ ಕರೆ ಹೋಗುತ್ತದೆ. ಕುಯ್ಲಿಗೆಂದು ಅಸ್ಸಾಮಿನಿಂದ, ಬಯಲುಸೀಮೆಯಿಂದ ಬಂದ ಕೂಲಿಯವರು ಅಷ್ಟರಲ್ಲಿ ಬೇರೆ ತೋಟಕ್ಕೋ ಊರಿಗೋ ಹೋಗಿರುತ್ತಾರೆ, ನಂಬರ್ ಬದಲಾಗಿರುತ್ತದೆ. ಊರಿನವರಾದರೆ ನೆಟ್‌ವರ್ಕ್ ಸಿಗುವ ಗುಡ್ಡ ಹತ್ತಬೇಕು. ಸಂಶೋಧನೆಯ ಭಾಷೆಯಲ್ಲಿ ಇವರೆಲ್ಲ ‘ಸಂಪರ್ಕಕ್ಕೆ ಸಿಗದವರು’, ಕೋಷ್ಟಕದ ಕೆಳಗಿನ ಒಂದು ಸಾಲು. ಆ ಸಾಲಿನಲ್ಲಿರುವವರು ಉಳಿದವರಿಗಿಂತ ಚೆನ್ನಾಗಿರುತ್ತಾರೆಂದು ನಂಬಲು ಕಾರಣವಿಲ್ಲ.

ಮನೆಬಾಗಿಲಿಗೆ ಹೋಗುವ ಒಂದು ವ್ಯವಸ್ಥೆಯಂತೂ ಈಗಲೂ ಇದೆ, ಬಾಣಂತಿಯರಿಗೆ. ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಬಂದವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಹೋಗಬೇಕೆಂಬುದು ನಿಯಮ. ಹೋಗುವುದು ಮುಖ್ಯವಾಗಿ ಕೂಸಿನ ತೂಕ, ಮೈಬಿಸಿ, ಹಾಲು ಕುಡಿಯುವುದನ್ನು ನೋಡಲು. ಕರ್ನಾಟಕದಲ್ಲಿ ಹೆರಿಗೆಗಳಲ್ಲಿ ಮೂರರಲ್ಲಿ ಒಂದಕ್ಕೆ ಹತ್ತಿರದಷ್ಟು ಈಗ ಸಿಸೇರಿಯನ್, ಹಾಗಾಗಿ ಏಳನೆಯ ದಿನ ಬಾಗಿಲು ತಟ್ಟುವ ಅದೇ ಆಶಾ ಅಕ್ಕ, ಸೋಂಕು ತಲೆಯೆತ್ತುವ ಸರಿಯಾದ ಹೊತ್ತಿಗೆ, ಆಪರೇಷನ್ ಗಾಯದ ಮುಂದೆಯೂ ನಿಂತಿರುತ್ತಾಳೆ. ರುವಾಂಡಾದ ಕಿರೆಹೆ ಎಂಬ ಗ್ರಾಮೀಣ ಜಿಲ್ಲೆಯಲ್ಲಿ ಸಿಸೇರಿಯನ್ ಗಾಯವನ್ನು ಇಂಥದೇ ಕಾರ್ಯಕರ್ತೆಯರಿಂದ ಕೆಲವೇ ಪ್ರಶ್ನೆ ಕೇಳಿಸಿ, ಮೊಬೈಲಿನಲ್ಲಿ ಫೋಟೊ ತೆಗೆಸಿ ಪರೀಕ್ಷಿಸುವ ಪ್ರಯತ್ನ ನಡೆದಿದೆ. ಅಪೆಂಡಿಕ್ಸ್, ಹರ್ನಿಯಾ, ಮುರಿದ ತೊಡೆ, ಗರ್ಭಕೋಶದ ಆಪರೇಷನ್ ಆದವರ ಮನೆಗೆ ಹೋಗುವ ದಿನಗಳ ಪಟ್ಟಿ ಯಾವ ಆಶಾ ಕಾರ್ಯಕರ್ತೆಯ ಪುಸ್ತಕದಲ್ಲೂ ಇಲ್ಲ. ಅವರ ಕೈಯಲ್ಲಿರುವುದು ಡಿಸ್ಚಾರ್ಜ್ ಕಾಗದ. ಮಾತ್ರೆಗಳ ಹೆಸರು, ‘ಹತ್ತು ದಿನ ಬಿಟ್ಟು ತೋರಿಸಿ’ ಎಂಬ ಸಾಲು, ಘಟ್ಟದ ಕೆಳಗಿನ ಒ.ಪಿ.ಡಿ.ಯ ಸಮಯ. ಹೊಲಿಗೆಯನ್ನು ಅನೇಕರು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಬಿಚ್ಚಿಸಿಕೊಳ್ಳುತ್ತಾರೆ. ಬಿಚ್ಚಿದ ನರ್ಸ್ ಕಂಡ ಗಾಯದ ವಿವರ ಅಲ್ಲಿನ ರಿಜಿಸ್ಟರಿನಲ್ಲಿ ಉಳಿಯುತ್ತದೆ, ಆಪರೇಷನ್ ಮಾಡಿದವರ ಕಡತಕ್ಕೆ ಇಳಿದು ಬರುವುದಿಲ್ಲ.